ಮಿಗ್ ಆಮೇಲೆ, ಮೊದಲು ಆ ಡ್ರಮ್ಮಿನ ಫೋಟೋ ಕಳಿಸಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಿವೃತ್ತ ಶಾಲಾ ಮಾಸ್ತರ. ನಮ್ಮೂರಿನ ಯುವಕ ಸಂಘದವರು ಹಳೆಯ ಯಂತ್ರ, ವಾಹನಗಳ ಸಂಗ್ರಹಾಲಯ ಮಾಡಲು ಹೊರಟಿದ್ದಾರೆ. ಕುಂಬಳೆ ಕಡೆ ಕಡಲಿಗೆ ಹತ್ತಿರ ಹದಿನೈದು ಸೆಂಟ್ಸ್ ಜಾಗ ದಾನವಾಗಿ ಸಿಕ್ಕಿದೆ. ಅಡಿಕೆ ತೋಟಕ್ಕೆ ನೀರೆತ್ತುತ್ತಿದ್ದ ಎರಡು ಗಾಲಿಯ ಕ್ರೂಡಾಯಿಲ್ ಎಂಜಿನ್, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಒಂದು ಪ್ರೆಸ್ಸು, ಅಕ್ಕಿ ಮಿಲ್ಲಿನ ಹಲ್ಲರ್, ಒಂದು ಕಡವಿನ ದೋಣಿ, ಇಷ್ಟು ಕೈಯಲ್ಲಿದೆ. ಹಳೆ ಬಸ್ ಶೆಡ್ಡಿನಿಂದ ಬಂದ, ತುಕ್ಕು ಹಿಡಿದ ಆಳೆತ್ತರದ ಡ್ರಮ್ಮೂ ಒಂದಿದೆ, ಅದನ್ನು ಗುಜರಿಗೆ ಹಾಕುವವರಿದ್ದೇವೆ. ವಾಯುಪಡೆಯ ಮಿಗ್-21 ಯುದ್ಧವಿಮಾನಗಳು ನಿವೃತ್ತಿಯಾದವಲ್ಲವೇ, ಅದರಲ್ಲೊಂದನ್ನು ತಂದು ಎದುರಿಗೆ ನಿಲ್ಲಿಸಿದರೆ ಜನ ಬಂದಾರು ಎಂದು ಹುಡುಗರ ಆಸೆ. ಪ್ರಯತ್ನಿಸಬಹುದೇ? ಎಂಜಿನನ್ನು ಪೈಂಟ್ ಮಾಡಿಸಿ ಓಡಿಸಬಹುದೇ?

ಉತ್ತರ: ಮಾಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಓದುತ್ತ ಬಂದವನು ಡ್ರಮ್ಮಿನ ಸಾಲಿನಲ್ಲಿ ನಿಂತುಬಿಟ್ಟೆ. ಗುಜರಿಯವನಿಗೆ ಬರಲು ಹೇಳಿದ್ದರೆ ಇವತ್ತೇ ಬೇಡವೆನ್ನಿ. ಉಳಿದ ಮಾತು ನಿಧಾನಕ್ಕೆ ಆಡೋಣ.

ಬಸ್ ಶೆಡ್ಡಿನಲ್ಲಿ ಆಳೆತ್ತರದ ಡ್ರಮ್ ಯಾಕಿತ್ತು ಎಂಬುದು ನನ್ನ ತಲೆಯೊಳಗೆ ಹೊಕ್ಕ ಪ್ರಶ್ನೆ. ಎರಡನೆಯ ಮಹಾಯುದ್ಧದಲ್ಲಿ, ಅದರಲ್ಲೂ 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋದ ಮೇಲೆ, ಪೆಟ್ರೋಲಿಗೆ ಬರಗಾಲ ಬಂತು. ಇದ್ದ ಪೆಟ್ರೋಲು ರೇಷನ್ನಿನಲ್ಲಿ. ಬಸ್ಸುಗಳ ಮಾಲಕರು ಬೇರೆ ದಾರಿ ಕಾಣದೆ ಬಸ್ಸಿನ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿದರು. ಮೇಲಿನ ಮುಚ್ಚಳ ತೆಗೆದು ಇದ್ದಿಲು ತುಂಬುವುದು, ಅಡಿಯಲ್ಲಿ ಕೆಂಡ ಮಾಡುವುದು, ಗಾಳಿಯನ್ನು ಬೇಕೆಂದೇ ಕಡಿಮೆ ಬಿಡುವುದು. ಕೆಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲಿನ ಕೆಂಪಗೆ ಕಾದ ಇದ್ದಿಲ ನಡುವೆ ಹಾಯುವಾಗ ಇಂಗಾಲದ ಮಾನಾಕ್ಸೈಡಾಗುತ್ತದೆ. ಅದು ಉರಿಯುವ ಅನಿಲ. ಎಂಜಿನ್ ತನ್ನ ಉಸಿರಿನಿಂದಲೇ ಅದನ್ನು ಎಳೆದುಕೊಳ್ಳುತ್ತಿತ್ತು. ನಡುವೆ ತಣ್ಣಗಾಗಿಸಲು ಒಂದು ಕೊಳವೆ, ಬೂದಿ ಸೋಸಲು ಒಂದು ಡಬ್ಬ.

ಕೇಳಲು ಚೆಂದ, ಓಡಿಸಲು ಯಾತನೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ ತಾನೇ, ಅದು ಉರಿಯುವುದಿಲ್ಲ, ಸುಮ್ಮನೆ ಜೊತೆಗೆ ಬರುತ್ತದೆ. ಹುಟ್ಟಿದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸವಾರನೇ. ಹಾಗಾಗಿ ಪೆಟ್ರೋಲಿನಲ್ಲಿ ಸಿಗುತ್ತಿದ್ದ ಶಕ್ತಿಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೂ ಖೋತಾ. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುವುದು, ಬೇಕಾದರೆ ತಳ್ಳುವುದು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದ ಕತೆಗಳ ಮೂಲ ಇದು. ಬೆಳಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಬಸ್ಸಿನ ಹುಡುಗ ಕೈಯಲ್ಲಿ ಗಾಳಿಯಂತ್ರ ತಿರುಗಿಸಿ ಕೆಂಡ ಎಬ್ಬಿಸಬೇಕಿತ್ತು. ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಆ ಹುಡುಗನಿಗೆ ತಲೆ ತಿರುಗಿದ್ದರೆ ಅದು ಹಸಿವಿನಿಂದಲೇ ಎಂದು ಹೇಳುವ ಹಾಗಿಲ್ಲ.

ಯುದ್ಧ ಮುಗಿದು ಪೆಟ್ರೋಲು ಬಂದದ್ದೇ ಎಲ್ಲರೂ ಈ ಒಲೆಯನ್ನು ಕಿತ್ತೆಸೆದರು. ಯಾರಿಗೂ ಅದರ ಮೇಲೆ ಮಮತೆ ಇರಲಿಲ್ಲ. ಆದ್ದರಿಂದಲೇ ಈಗ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಡ್ರಮ್ ಅದೇ ಹೌದೋ ಎಂದು ನೋಡಲು ನಾಲ್ಕು ಗುರುತು ಹೇಳುತ್ತೇನೆ. ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ತೆಗೆಯುವ ಬಾಗಿಲು. ಮಗ್ಗುಲಲ್ಲಿ ಗಾಳಿ ಹೋಗುವ ಸಣ್ಣ ಮೂತಿ. ಮೇಲೆ ಬಿಗಿಯಾಗಿ ಕೂರುವ, ಹೆಚ್ಚಾಗಿ ಸ್ಪ್ರಿಂಗ್ ಇರುವ ಮುಚ್ಚಳ. ಅನಿಲ ಹೊರಡುವ ದಪ್ಪ ಕೊಳವೆಯ ಬುಡ. ಇವು ಯಾವುದೂ ಇಲ್ಲದೆ, ಮುಚ್ಚಳದಿಂದ ಬಾಗಿದ ಕೊಂಬಿನಂಥ ಕೊಳವೆ ಮಾತ್ರ ಇದ್ದರೆ ಅದು ಮಜ್ಜಿಗೆಹುಲ್ಲಿನ ಎಣ್ಣೆ, ನಮ್ಮಲ್ಲಿ ಪುಲ್‌ತೈಲ ಎನ್ನುತ್ತಾರಲ್ಲ, ಅದನ್ನು ಬಟ್ಟಿ ಇಳಿಸುವ ಹಂಡೆ ಇದ್ದೀತು. ಅದಾದರೂ ಗುಜರಿಗೆ ಹೋಗಬೇಕಾದ ವಸ್ತುವಲ್ಲ. ಎರಡರಲ್ಲಿ ಯಾವುದೇ ಆಗಲಿ ಒಳಗಿನ ಮಸಿ, ಗಟ್ಟಿಯಾದ ಬೂದಿ ಕೆರೆಯಬೇಡಿ. ಒಂದು ಚಮಚದಷ್ಟನ್ನು ಬಾಟಲಿಗೆ ಹಾಕಿ, ದಿನಾಂಕ ಬರೆದು ಇಡಿ. ಒಳಗೆ ಏನು ಉರಿದಿತ್ತು ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಈಗ ನಿಮ್ಮ ಹುಡುಗರಿಗೆ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21 ಕೊನೆಯ ಸಲ ಹಾರಿದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. ಆ ಅರುವತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮ ದೇಶ 800ಕ್ಕೂ ಹೆಚ್ಚು ಮಿಗ್-21 ಇಟ್ಟುಕೊಂಡಿತ್ತು. ಅವನ್ನು ಉಳಿಸಲು ವಾಯುಪಡೆ ಇದೆ, ದೊಡ್ಡ ಸಂಗ್ರಹಾಲಯಗಳಿವೆ, ಕಾಲೇಜುಗಳ ಎದುರು, ಊರಿನ ವೃತ್ತಗಳಲ್ಲಿ ಎಷ್ಟೋ ನಿಂತಿವೆ. ನಿಮ್ಮ ಇದ್ದಿಲ ಡ್ರಮ್ಮಿಗೆ, ಹಂಚಿನ ಪ್ರೆಸ್ಸಿಗೆ ನೀವಲ್ಲದೆ ಯಾರಿದ್ದಾರೆ ಮಾರಾಯ್ರೇ? ಸಣ್ಣ ಸಂಗ್ರಹಾಲಯ ಇಡಬೇಕಾದದ್ದು ಬೇರೆ ಯಾರೂ ಇಡದ್ದನ್ನು.

ಹಂಚಿನ ಪ್ರೆಸ್ಸು ನಿಮ್ಮಲ್ಲಿರುವ ಎರಡನೆಯ ನಿಧಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಯ ಆವೆಮಣ್ಣು, ದೋಣಿಯಲ್ಲಿ ಇಳಿದು ಬರುವ ಕಟ್ಟಿಗೆ, ಹಂಚು ಹೊತ್ತು ಹೋಗಲು ಎದುರಿಗೇ ಕಡಲು, ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಈ ಕೆಲಸ ಇಡೀ ಕರಾವಳಿಗೆ ಹಬ್ಬಿತು. ಪ್ರೆಸ್ಸಿನಲ್ಲಿ ಅಚ್ಚು ಉಳಿದಿದೆಯೇ ನೋಡಿ. ಅದರಲ್ಲಿ ಕಾರ್ಖಾನೆಯ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ. ಸುತ್ತಿನ ಊರುಗಳಲ್ಲಿ ಹಳೆ ಮನೆ ಕೆಡವುವಾಗ ಹುಡುಗರನ್ನು ಕಳಿಸಿ ಕಾರ್ಖಾನೆಗೊಂದರಂತೆ ಹಂಚು ತರಿಸಿ. ಮಗುಚಿದರೆ ಹಿಂಬದಿಯಲ್ಲಿ ಹೆಸರು, ಊರು, ಕೆಲವಕ್ಕೆ ಪ್ರಾಣಿ ಪಕ್ಷಿಯ ಮುದ್ರೆ. ಯಾವ ಕಾರ್ಖಾನೆಯ ಹಂಚು ಯಾವ ಊರಿನವರೆಗೆ ಹೋಯಿತು ಎಂದು ನಕ್ಷೆಯಲ್ಲಿ ಚುಕ್ಕಿ ಇಡುತ್ತ ಹೋದರೆ ಅದೊಂದು ದೊಡ್ಡ ಸಂಶೋಧನೆಯೇ ಆಗುತ್ತದೆ, ಖರ್ಚು ಮಾತ್ರ ರಿಕ್ಷಾ ಬಾಡಿಗೆಯಷ್ಟು. ಹಂಚಿನ ಮಿಲ್ಲಿನಲ್ಲಿ ದುಡಿದ ಹೆಂಗಸರು, ಗಂಡಸರು ಇನ್ನೂ ಅಲ್ಲಲ್ಲಿ ಇದ್ದಾರೆ. ಪ್ರೆಸ್ಸಿನ ಎದುರು ಕುರ್ಚಿ ಹಾಕಿ ಅವರನ್ನು ಕೂರಿಸಿ, ಮೊಬೈಲಿನಲ್ಲೇ ಮಾತು ಹಿಡಿಯಿರಿ. ಮಣ್ಣಿನ ಬಿಲ್ಲೆ ಇಡುವ ಮೊದಲು ಅಚ್ಚಿಗೆ ಎಣ್ಣೆ ಹೇಗೆ ಸವರುತ್ತಿದ್ದರು, ಬೆರಳು ಎಲ್ಲಿ ಇರಬಾರದು, ಆ ಕೆಲಸಕ್ಕೆ ತುಳುವಿನಲ್ಲಿ, ಮಲಯಾಳದಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿ. ಕಬ್ಬಿಣ ಇನ್ನೂ ಹತ್ತು ವರ್ಷ ಕಾದೀತು.

ಎಂಜಿನ್ನಿಗೆ ಬರೋಣ. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ನಮ್ಮ ತೋಟಗಳ ಸದ್ದೇ ಅದು. ಫುಟ್‌ವಾಲು ಸೋರಿದಾಗ ಸೆಗಣಿ ನೀರು ಹೊಯ್ದು ಪಂಪಿಗೆ ನೀರು ಹಿಡಿಸುತ್ತಿದ್ದದ್ದು ನಿಮಗೂ ನೆನಪಿದ್ದೀತು. ಮೊದಲು ಹಿತ್ತಾಳೆಯ ಪ್ಲೇಟು ಹುಡುಕಿ. ಡರ್ಸ್ಲಿ ಎಂದಿದ್ದರೆ ಇಂಗ್ಲೆಂಡಿನ ಲಿಸ್ಟರ್. ನಿಮಿಷಕ್ಕೆ 600-650 ಸುತ್ತು ಮಾತ್ರ ತಿರುಗುವ ಆ ನಿಧಾನಸ್ಥನನ್ನು ಗುಜರಾತಿನ ರಾಜಕೋಟೆಯವರು ನೋಡಿ ನೋಡಿ ಮಾಡಿದ್ದಕ್ಕೆ ಲೆಕ್ಕವಿಲ್ಲ, ಆದ್ದರಿಂದ ಪ್ಲೇಟು ಇಲ್ಲದೆ ರೂಪ ನೋಡಿ ಲಿಸ್ಟರ್ ಎಂದು ಬೋರ್ಡು ಬರೆಸಬೇಡಿ. ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪೆನಿ ಹುಟ್ಟಿದ್ದು 1946ರಲ್ಲಿ. ಜೊತೆಗೆ ಬಿಲ್ಲು, ಕಾಗದ ಏನಾದರೂ ಸಿಕ್ಕಿ ಅದರಲ್ಲಿ ಮದ್ರಾಸು, ಮಂಗಳೂರಿನ ವಿಳಾಸ ಇದ್ದರೆ ಆಶ್ಚರ್ಯವಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಎಂಜಿನ್ನಿನ ತಲೆಯಲ್ಲಿ ಕಬ್ಬಿಣದ ಬುರುಡೆಯಂಥದ್ದು ಇದ್ದು, ಅದನ್ನು ಬ್ಲೋಲ್ಯಾಂಪಿನಲ್ಲಿ ಕಾಯಿಸಿ ಸ್ಟಾರ್ಟ್ ಮಾಡುತ್ತಿದ್ದರೆಂದು ಹಳಬರು ಹೇಳಿದರೆ ನನಗೆ ತಕ್ಷಣ ತಿಳಿಸಿ. ಅದು ಇನ್ನೂ ಹಿಂದಿನ ಜಾತಿ.

ಪೈಂಟ್ ಬೇಡ. ಇದನ್ನು ನಾನು ಹೇಳುವುದು ನನ್ನದೇ ತಪ್ಪಿನಿಂದ. ಹಳೆ ಯಂತ್ರ ಕಾಪಾಡುವ ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಹಳೆ ಪಂಪಿನ ಹಿತ್ತಾಳೆ ಪ್ಲೇಟನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ದೇವರ ದೀಪದ ಹಾಗೆ ಹೊಳೆಯಿತು. ಸಂಜೆ ಮೇಲಿನವರು ಬಂದು, "ನಂಬರೆಲ್ಲಿ?" ಎಂದರು. ಸವೆದು ತೆಳುವಾಗಿದ್ದ ಅಂಕಿಗಳು ನನ್ನ ಉತ್ಸಾಹಕ್ಕೆ ಅಳಿಸಿಹೋಗಿದ್ದವು. ಆ ಪಂಪು ಯಾವ ವರ್ಷದ್ದೆಂದು ಹೇಳಲು ಮತ್ತೆ ಯಾರಿಗೂ ಆಗಲಿಲ್ಲ. ಬಣ್ಣವೂ ಹಾಗೆಯೇ. ಹಳೆ ಹಸಿರಿನ ಅಡಿಯಲ್ಲಿ ಕಾರ್ಖಾನೆಯ ಮೂಲ ಬಣ್ಣ, ಮಾಲಕ ಬರೆಸಿದ ಹೆಸರು, ಮೆಕ್ಯಾನಿಕ್ ಉಳಿಯಿಂದ ಗೀಚಿದ ತಾರೀಕು ಇರಬಹುದು. ಮರಳು ಹೊಡೆಸಿ ಬೆಳ್ಳಿ ಬಣ್ಣ ಬಳಿಸಿದರೆ ಎಲ್ಲ ಹೋಯಿತು. ಮೆದು ಬ್ರಷ್ಷಿನಿಂದ ಧೂಳು ತೆಗೆದು, ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ. ನೀರು ತಾಗಿಸಬೇಡಿ. ಒಣಗಿದ ಮೇಲೆ ಬರಿ ಕಬ್ಬಿಣ ಕಾಣುವಲ್ಲಿ ತೆಳುವಾಗಿ ಮೇಣ, ಒಳಭಾಗಕ್ಕೆ ಎಣ್ಣೆ. ತುಕ್ಕು ಹಿಡಿದ ಯಂತ್ರ ನಾಚಿಕೆಯ ವಿಷಯವಲ್ಲ, ತುಕ್ಕು ಬೆಳೆಯುತ್ತಿದ್ದರೆ ಮಾತ್ರ ಚಿಂತೆ. ಅಡಿಗೆ ಬಿಳಿ ಕಾಗದ ಹಾಸಿ, ತಿಂಗಳ ನಂತರ ಕೆಂಪು ಪುಡಿ ಉದುರಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಓಡಿಸಬಹುದೇ ಎಂದು ಕೇಳಿದ್ದೀರಿ. ಈ ವಿಷಯದಲ್ಲಿ ನನ್ನ ಕಸುಬಿನವರಲ್ಲೇ ಎರಡು ಪಂಗಡ ಇದೆ. ನನ್ನ ಮಟ್ಟಿಗೆ, ರಾಜಕೋಟೆಯ ಪ್ರತಿಯಾದರೆ ಓಡಿಸಿ, ಬಿಡಿಭಾಗ ಈಗಲೂ ಸಿಗುತ್ತದೆ, ಮಕ್ಕಳಿಗೆ ಆ ಸದ್ದು ಕೇಳಲಿ. ಬುರುಡೆಯ ಎಂಜಿನ್ ಆದರೆ ಬೇಡ. ಓಡಿಸುವುದಾದರೂ ಹ್ಯಾಂಡಲ್ ಹಾಕಿ ಬಲವಂತದಿಂದ ತಿರುಗಿಸಬೇಡಿ. ಪಿಸ್ಟನ್ ಹಿಡಿದುಕೊಂಡಿದ್ದರೆ ಸಿಲಿಂಡರಿಗೆ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಹೊಯ್ದು ವಾರಗಟ್ಟಲೆ ಬಿಡಿ. ಮುಖ್ಯವಾದದ್ದು ವೇಗವನ್ನು ಹತೋಟಿಯಲ್ಲಿಡುವ ಗವರ್ನರ್. ಅದು ಸಿಕ್ಕಿಹಾಕಿಕೊಂಡಿದ್ದರೆ ಎಂಜಿನ್ ವೇಗ ಏರುತ್ತಲೇ ಹೋಗುತ್ತದೆ, ಬೀಡು ಕಬ್ಬಿಣದ ಗಾಲಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಒಡೆದು ಮಾಡು ಹಾರಿಸೀತು. ಗಾಲಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ. ಗಂಟೆಯ ಹಾಗೆ ಮೊಳಗಬೇಕು, ಒಡೆದ ಮಡಕೆಯ ಹಾಗೆ ಕೇಳಿಸಿದರೆ ಕೈ ಬಿಡಿ. ಜನರನ್ನು ಗಾಲಿಯ ನೇರಕ್ಕೆ ನಿಲ್ಲಿಸಬೇಡಿ, ಬೆಲ್ಟಿನ ಹತ್ತಿರ ಮುಂಡು, ಶಾಲು ಬೇಡ. ವರ್ಷಕ್ಕೆ ಒಂದೆರಡು ಸಲ, ಆಯುಧಪೂಜೆಗೆ ಎಂದಿಟ್ಟುಕೊಳ್ಳಿ, ಸಾಕು. ಪೂಜೆಯ ಅರಿಶಿನ ಕುಂಕುಮದ ನೀರನ್ನು ಮಾತ್ರ ಎಂಜಿನ್ನಿಗೆ ಹಚ್ಚದೆ, ಎದುರಿಗೊಂದು ಮಣೆ ಇಟ್ಟು ಅದಕ್ಕೆ ಹಚ್ಚಿ. ದೇವರು ಬೇಸರಿಸಲಾರರು.

ಹಲ್ಲರಿನ ಬಗ್ಗೆ ಹೆಚ್ಚೇನಿಲ್ಲ, ಒಳಗೆ ಉಳಿದ ತೌಡಿಗೆ ಹೆಗ್ಗಣ ಬರುತ್ತದೆ, ಅಷ್ಟನ್ನು ತೆಗೆಯಿರಿ. ದೋಣಿಯನ್ನು ನೆಲಕ್ಕೆ ತಾಗಿಸದೆ ಎತ್ತರದ ಕಲ್ಲಿನ ಮೇಲೆ ಕೂರಿಸಿ, ಒರಲೆ ನಿಮಗಿಂತ ಮೊದಲೇ ಬಂದು ಕಾದಿರುತ್ತದೆ. ಹಿಂದಿನವರು ಹಚ್ಚುತ್ತಿದ್ದದ್ದು ಗೇರೆಣ್ಣೆಯೋ ಮೀನೆಣ್ಣೆಯೋ ಎಂದು ದೋಣಿಯವರನ್ನೇ ಕೇಳಿ, ಅದನ್ನೇ ಮುಂದುವರಿಸಿ.

ಇನ್ನು ಮಿಗ್. ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್, ಉದ್ದ ಸುಮಾರು 15 ಮೀಟರ್. ಹದಿನೈದು ಸೆಂಟ್ಸಿನಲ್ಲಿ ಹಿಡಿಸೀತು, ನಿಮ್ಮ ಉಳಿದ ಯಂತ್ರಗಳಿಗೂ ಜಾಗ ಉಳಿದೀತು. ತೊಂದರೆ ಇರುವುದು ಕಡಲಗಾಳಿಯಿಂದ. ವಿಮಾನದ ಮೈ ಬರಿಯ ಅಲ್ಯೂಮಿನಿಯಂ ಅಲ್ಲ, ಬಲಕ್ಕೆಂದು ತಾಮ್ರವನ್ನೋ ಸತುವನ್ನೋ ಬೆರೆಸಿದ ಮಿಶ್ರಲೋಹ. ಉಪ್ಪಿನ ತೇವ ಬಿದ್ದರೆ ಆ ಬೆರಕೆಯೇ ಮುಳುವಾಗುತ್ತದೆ, ಲೋಹದೊಳಗೆ ಸಾವಿರಾರು ಪುಟ್ಟ ಬ್ಯಾಟರಿಗಳು ಹುಟ್ಟಿದ ಹಾಗೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗುವಲ್ಲಿ ಇನ್ನೂ ಬೇಗ. ಮೊದಲು ರಿವೆಟಿನ ಸುತ್ತ ಬಿಳಿ ಪುಡಿ, ಮತ್ತೆ ಬಣ್ಣದಡಿ ಗುಳ್ಳೆ, ಕೊನೆಗೆ ತಗಡು ನಮ್ಮ ಹೋಟೆಲಿನ ಪೊರೋಟದ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಹೊಟ್ಟೆಯಲ್ಲಿ ನೀರು ಇಳಿದುಹೋಗುವ ತೂತುಗಳು ಹಕ್ಕಿಗೂಡಿನಿಂದ, ಕಣಜದ ಮಣ್ಣಿನಿಂದ ಮುಚ್ಚಿಹೋದರೆ ಒಳಗೇ ಕೆರೆ. ಬಿಸಿಲಿಗೆ ಕಾಕ್‌ಪಿಟ್ಟಿನ ಮುಚ್ಚಳ ಬಿರುಕಿಟ್ಟು ಮಂಜಾಗುತ್ತದೆ. ಟಯರಿನ ಮೇಲೆ ಭಾರ ಬಿಡುವ ಹಾಗಿಲ್ಲ, ಅಡಿಗೆ ಸ್ಟ್ಯಾಂಡು ಬೇಕು. ಪೈಲಟನ್ನು ಹೊರಗೆಸೆಯುವ ಆಸನದ ಮದ್ದು ತೆಗೆದಿದೆ ಎಂಬುದಕ್ಕೆ ಲಿಖಿತ ಪತ್ರ ಇಲ್ಲದೆ ಒಬ್ಬರನ್ನೂ ಒಳಗೆ ಕೂರಿಸಬಾರದು. ಹಳೆಯ ವಿಮಾನಗಳ ಕೆಲವು ಮೀಟರುಗಳ ಮುಳ್ಳು ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿದಿರುತ್ತಿದ್ದರು, ಅಂಥದ್ದನ್ನು ಬಿಚ್ಚುವುದು ಪರಿಣತರ ಕೆಲಸ.

ಒಟ್ಟಿನಲ್ಲಿ, ಮಾಡು ಇಲ್ಲದೆ ವಿಮಾನ ತರುವುದೆಂದರೆ ಹಟ್ಟಿ ಕಟ್ಟದೆ ಆನೆ ಸಾಕಿದ ಹಾಗೆ. ಹತ್ತು ವರ್ಷ ಕಳೆದು ಅದನ್ನು ನೋಡಿ ನಿಮ್ಮ ಹುಡುಗರೇ ತಲೆ ತಗ್ಗಿಸಿಯಾರು. ವಿಮಾನ ನೋಡಬೇಕೆಂದಿದ್ದರೆ ಹುಡುಗರನ್ನು ರೈಲು ಹತ್ತಿಸಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯ ಹತ್ತಿರ, ಅರಕ್ಕೋಣದ ನೌಕಾನೆಲೆಯಿಂದ ಬಿಚ್ಚಿ ಲಾರಿಗಳಲ್ಲಿ ತಂದು ಜೋಡಿಸಿದ ಟುಪೊಲೆವ್-142 ವಿಮಾನ ನಿಂತಿದೆ. ರೆಕ್ಕೆಯೇ 50 ಮೀಟರ್! ಹಾಗೆಯೇ ಮುಂದೆ ಗೋವಾದ ದಾಬೋಲಿಮ್ಮಿನ ಬಳಿ ನೌಕಾ ವಿಮಾನ ಸಂಗ್ರಹಾಲಯ, ಅಲ್ಲಿ ಸೀಹಾಕ್, ಸೀ ಹ್ಯಾರಿಯರ್, ನಾಲ್ಕು ಎಂಜಿನ್ನಿನ ಸೂಪರ್ ಕಾನ್‌ಸ್ಟಲೇಶನ್ ಇವೆ. ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನ ನೋಡಿ, 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ್ದು. ನೋಡುವಾಗ ರಿವೆಟಿನ ಸುತ್ತ ಕಣ್ಣು ಹಾಯಿಸಲು ಹೇಳಿ.

ಆದರೂ ನಿಮ್ಮಲ್ಲಿ ವಿಮಾನದ ಒಂದು ಕೋಣೆ ಇರಬೇಕೆಂದು ನಾನೂ ಹೇಳುತ್ತೇನೆ. ಕಾಸರಗೋಡಿನ ವಿಮಾನದ ಕತೆ ಯುದ್ಧದ್ದಲ್ಲ, ಗಲ್ಫಿನದು. ಈ ಜಿಲ್ಲೆಯಲ್ಲಿ ದುಬಾಯಿಗೋ ಸೌದಿಗೋ ಒಬ್ಬರಾದರೂ ಹೋಗದ ವಠಾರ ಎಲ್ಲಿದೆ? ಮೊದಲು ಉರು ಎಂಬ ಮರದ ಹಡಗಿನಲ್ಲಿ ಕಡಲು ದಾಟಿದವರು, ಮತ್ತೆ ಬೊಂಬಾಯಿಗೆ ಹೋಗಿ ಲಾಡ್ಜಿನಲ್ಲಿ ವೀಸಾ ಕಾದು ವಿಮಾನ ಹತ್ತಿದವರು, ಆಮೇಲೆ ಕಲ್ಲಿಕೋಟೆ, ಮಂಗಳೂರಿನಿಂದ, 2018ರ ಡಿಸೆಂಬರಿನಿಂದ ಕಣ್ಣೂರಿನಿಂದಲೂ ನೇರ ಹಾರಿದವರು. ಅಟ್ಟದಲ್ಲಿ ಇನ್ನೂ ಇದ್ದೀತು: ಇಂಗಾಲದ ಕಾಗದದ ಕೆಂಪು ಅಕ್ಷರದ ಟಿಕೆಟು, ವಿಮಾನ ಕಂಪೆನಿಯ ಹೆಗಲ ಚೀಲ, ಹೆಸರೂ ಊರೂ ಪೈಂಟಿನಲ್ಲಿ ಬರೆದ ಪೆಟ್ಟಿಗೆ, ಹಗ್ಗ ಬಿಗಿದ ಟೇಪ್ ರೆಕಾರ್ಡರಿನ ರಟ್ಟು, ಊರಿಗೆ ಕಳಿಸಿದ ಮಾತಿನ ಕ್ಯಾಸೆಟ್ಟು. ಇದನ್ನು ಪ್ರಪಂಚದ ಯಾವ ವಿಮಾನ ಸಂಗ್ರಹಾಲಯವೂ ಇಟ್ಟಿರಲಾರದು. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜಪೆಯಲ್ಲಿ ನೆಹರೂ ಅವರ ಡಕೋಟ ವಿಮಾನ ಇಳಿದದ್ದನ್ನು ನೋಡಲು ನಡೆದುಹೋದವರ ಮನೆಗಳೂ ಇದ್ದಾವು, ಮಕ್ಕಳು ಕೇಳಿದ್ದಾದರೂ ಹೇಳಿಯಾರು. ಈ ಕೋಣೆಗೆ ಕ್ರೇನೂ ಬೇಡ, ಕಾಂಕ್ರೀಟೂ ಬೇಡ.

ಎಷ್ಟೇ ಅವಸರವಿದ್ದರೂ ಒಂದು ದಪ್ಪ ರಿಜಿಸ್ಟರ್ ಮೊದಲು ತನ್ನಿ. ಪ್ರತಿ ವಸ್ತುವಿಗೂ ಒಂದು ನಂಬರು, ನಾಲ್ಕು ದಿಕ್ಕಿನ ಫೋಟೋ, ಎಲ್ಲಿಂದ ಬಂತು, ಯಾರು ಕೊಟ್ಟರು, ದಾನವೋ ಎರವಲೋ ಎಂದು ಬರೆದು ಕೊಟ್ಟವರ ಸಹಿ. ಬಾಯಿಮಾತಿಗೆ ಕೊಟ್ಟ ಎಂಜಿನನ್ನು ಹತ್ತು ವರ್ಷದ ಮೇಲೆ ಮಕ್ಕಳು ಪಾಲಿನ ಜಗಳದಲ್ಲಿ ವಾಪಸ್ ಕೇಳಿದ್ದನ್ನು ನಾನು ನೋಡಿದ್ದೇನೆ. ಬೋರ್ಡುಗಳು ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಭಾಗಗಳಿಗೆ ಮೆಕ್ಯಾನಿಕ್‌ಗಳು ಕರೆದ ಹೆಸರೇ ಇರಲಿ. ಸಾಧ್ಯವಾದರೆ ಯಂತ್ರಗಳನ್ನು ಕುಂಬಳೆಯ ಜಾಗಕ್ಕೆ ತರದೆ ಒಳನಾಡಿನ ನಿಮ್ಮ ಬದಿಯಡ್ಕದಲ್ಲೇ ಇಟ್ಟು, ಕಡಲಬದಿಯಲ್ಲಿ ದೋಣಿ, ಹಂಚು, ಗಲ್ಫಿನ ಪೆಟ್ಟಿಗೆ ಇಡಿ. ಹಂಚಿಗೆ ಕಬ್ಬಿಣದಷ್ಟು ಉಪ್ಪಿನ ಭಯವಿಲ್ಲ.

ಕೆಲಸಕ್ಕೆ ನಮ್ಮ ಪಂಚಾಂಗವೇ ಸಾಕು. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ಪೆಟ್ಟಿಗೆ ಕಟ್ಟುತ್ತಾರಲ್ಲ, ಅಷ್ಟರೊಳಗೆ ನೀವೂ ಯಂತ್ರಗಳಿಗೆ ಎಣ್ಣೆ, ಮೇಣ ಹಚ್ಚಿ ಮುಗಿಸಿರಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಕಟ್ಟಬೇಡಿ, ಒಳಗೆ ಬೆವರುತ್ತದೆ. ಮೇಲೊಂದು ಮಾಡು, ಸುತ್ತ ಗಾಳಿ, ಅಡಿಗೆ ಎರಡು ಕೆಂಪುಕಲ್ಲು. ಮೇಳ ಮತ್ತೆ ಹೊರಡುವ ಹೊತ್ತಿಗೆ ಒರೆಸಿ ಬಾಗಿಲು ತೆರೆಯಿರಿ.

ಡ್ರಮ್ಮನ್ನು ಮಾತ್ರ ಅಷ್ಟರವರೆಗೆ ಕಾಯಿಸಬೇಡಿ. ನಾಳೆ ಬೆಳಕಿರುವಾಗ ಟಾರ್ಚು ಹಿಡಿದು ಅಡಿಯ ಬಾಗಿಲಿನ ಒಳಗಿನ ಒಂದು ಫೋಟೋ, ಮೇಲಿನಿಂದ ಒಂದು, ಮಗ್ಗುಲಿನ ಮೂತಿಯದ್ದೊಂದು ತೆಗೆಸಿ ಕಳಿಸಿ. ಪಕ್ಕದಲ್ಲಿ ಅಳತೆಗೆ ಒಂದು ಅಡಿಕೋಲು ಇರಲಿ.